ಬಂಗುಡೆಯ ಮೇಲೊಂದು ಮಹಾಪ್ರಬಂಧ

ಮೀನು ಮೇಷ್ಟ್ರಿಗೆ ಎರಡು ವಸ್ತುಗಳನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ಫ್ರೀಜರ್, ಇನ್ನೊಂದು ಅದನ್ನು ಮಾರುವ ಷಡ್ಡಕ. (ನಾದಿನಿಯ ಗಂಡನನ್ನು ವಸ್ತುಗಳ ಸಾಲಿಗೆ ಸೇರಿಸಿದ್ದು ಮೇಷ್ಟ್ರೇ, ನಾನಲ್ಲ.) ಕಾಲೇಜಿನಲ್ಲಿ ಕಡಲಮೀನುಗಳ ಪಾಠ ಹೇಳಿ ಹೇಳಿ, ಲೋಕವೆಲ್ಲ ತಮ್ಮೆದುರು ಬೆಂಚಿನ ಮೇಲೆ ಕೂತಿದೆ ಎಂಬ ಭ್ರಮೆ ಅವರಿಗೆ. ಆ ಷಡ್ಡಕನೋ, ಹೈಸ್ಕೂಲಿನ ಬೆಂಚಿನ ಮೇಲೇ ಸರಿಯಾಗಿ ಕೂತವನಲ್ಲ. ಅಂಥವನಿಗೆ ಪೇಟೆಯ ನಡುವೆ ಗಾಜಿನ ಬಾಗಿಲಿನ ಅಂಗಡಿ! ಮೇಷ್ಟ್ರ ಗಂಟಲಿನಲ್ಲಿ ಇದೊಂದು ಮುಳ್ಳು ಸಿಕ್ಕಿಕೊಂಡೇ ಇತ್ತು.

ಒಂದು ಭಾನುವಾರ ಆತ ಬಂದು, "ಭಾವ, ಅಂಗಡೀಲಿ ಒಂದು ದೊಡ್ಡ ಫ್ರೀಜರ್ ಮಿಕ್ಕಿದೆ. ಅಕ್ಕನಿಗೆ ಸುಮ್ನೆ ಕೊಡ್ತೀನಿ" ಎಂದ.

ಹೆಂಡತಿ ಕಣ್ಣಿನಲ್ಲೇ ಮನೆ ಅಳೆದಳು. ಅಡುಗೆಮನೆಯಲ್ಲಿ ಜಾಗವಿಲ್ಲ, ನಡುಮನೆಯಲ್ಲಿ ಜಾಗವಿಲ್ಲ. ಅವಳ ಕಣ್ಣು ಹೋಗಿ ನಿಂತದ್ದು ಮೇಷ್ಟ್ರ ಓದುವ ಕೋಣೆಯ ಮೇಜಿನ ಮೇಲೆ.

"ಮೀನು ಕೆಡದ ಹಾಗೆ ಇಡೋಕೆ ಕರೆಂಟ್ ಯಾಕ್ರೀ? ಉಪ್ಪು ಸಾಕು!" ಮೇಷ್ಟ್ರು ಗುಡುಗಿದರು. "ಒಂದು ಬುಟ್ಟಿ ಬಂಗುಡೆ ಉಪ್ಪಲ್ಲಿ ಹಾಕ್ತೀನಿ. ಕೆಟ್ರೆ ನನ್ನ ಮೇಜು ಎತ್ತಿ ಬಿಸಾಕಿ, ಆ ಡಬ್ಬ ತಂದಿಡಿ. ಕೆಡದಿದ್ರೆ?"

"ಕೆಡದಿದ್ರೆ ಫ್ರೀಜರ್ ಮಾತೇ ಎತ್ತಲ್ಲ" ಎಂದಳು ಹೆಂಡತಿ. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಮರುದಿನ ಬಂಗುಡೆ ಬಂತು. ಹೆಂಡತಿ ಸರಸರ ಹೊಟ್ಟೆ ಸೀಳುತ್ತಿದ್ದರೆ ಮೇಷ್ಟ್ರು ಚಿಮುಟ ಹಿಡಿದು ಮೀನಿನ ತಲೆಯೊಳಗೆ ತಡಕಾಡುತ್ತ ಕೂತರು.

"ಮೀನು ತೊಳೀರಿ ಅಂದ್ರೆ ಏನ್ರೀ ಹುಡುಕ್ತಿದ್ದೀರಾ?"

"ಕಿವಿಯೊಳಗಿನ ಕಲ್ಲು ಕಣೇ. ಮರದ ಹಾಗೆ ಇದ್ರಲ್ಲೂ ಉಂಗುರ ಇರುತ್ತೆ. ಎಣಿಸಿದ್ರೆ ವಯಸ್ಸು ಗೊತ್ತಾಗುತ್ತೆ. ನೋಡು, ಇವನಿಗೆ ಎರಡು ವರ್ಷ."

"ನನಗೆಷ್ಟು ಹೇಳಿ, ನೋಡೋಣ?"

ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟು ಯೋಚಿಸಿದರು. ಯೋಚಿಸಿಯೂ ತಪ್ಪು ಹೇಳಿದರು.

"ಕಲ್ಲಿನ ಓಲೆ ಕೊಡಿಸಿ ಅಂತ ಎಷ್ಟು ಸಲ ಹೇಳಿದ್ದೆ! ನನ್ನ ಕಿವೀಲೂ ಕಲ್ಲಿದ್ದಿದ್ರೆ ನಿಮಗೆ ನೆನಪಿರ್ತಿತ್ತು" ಎಂದು ಅವಳು ಇನ್ನೊಂದು ಬಂಗುಡೆಯನ್ನು ಬೇಕಾದದ್ದಕ್ಕಿಂತ ಜೋರಾಗಿ ಸೀಳಿದಳು.

ಮುಖ ಉಳಿಸಿಕೊಳ್ಳಲು ಮೇಷ್ಟ್ರಿಗೆ ಗೊತ್ತಿದ್ದ ದಾರಿ ಒಂದೇ, ಪಾಠ. "ಕೆಲವು ಮೀನು ಕೊಬ್ಬನ್ನೆಲ್ಲ ಪಿತ್ತಕೋಶದ ಪಕ್ಕ ಲಿವರಲ್ಲಿ ಇಟ್ಕೊಳ್ಳುತ್ವೆ. ಅವನ್ನ ಉಪ್ಪು ಸವರಿ ಒಣಗಿಸಬಹುದು. ಬಂಗುಡೆಗೆ ಮೈಯೆಲ್ಲ ಕೊಬ್ಬು. ಗಾಳಿ ತಾಗಿದ್ರೆ ಹಳದಿಯಾಗಿ ಕಮಟು ಹಿಡಿಯುತ್ತೆ. ಪದರ ಪದರವಾಗಿ ಉಪ್ಪು ಹಾಕಿದ್ರೆ ಅದೇ ನೀರು ಬಿಡುತ್ತೆ. ಆ ನೀರಲ್ಲಿ ಮುಳುಗಿಸಿ, ಮೇಲೆ ಭಾರ ಹೇರಿ, ತಂಪಾದ ಕತ್ತಲ ಜಾಗದಲ್ಲಿ ಇಡ್ಬೇಕು. ಯಾರೂ ಅಲ್ಲಾಡಿಸ್ಬಾರ್ದು."

"ನಿಮ್ಮ ಪಾಠ ಮುಗಿಯೋವರ್ಗೂ ಮೀನು ಕೆಡದೆ ಕಾಯುತ್ತಾ? ಉಪ್ಪು ಕೊಡಿ ಇತ್ಲಾಗೆ!"

ಉಪ್ಪು, ಮೀನು ಪದರ ಪದರವಾಗಿ ಒಂದು ಪ್ಲಾಸ್ಟಿಕ್ ಡ್ರಮ್ಮು ತುಂಬಿತು. ಮೇಲೊಂದು ಹಲಗೆ ಕೂತಿತು. "ಭಾರಕ್ಕೆ ಏನಾದ್ರೂ ಹುಡುಕು. ಬೀದಿ ಕಲ್ಲು ಬೇಡ, ಕೊಳಕು" ಎಂದು ಅಪ್ಪಣೆ ಕೊಟ್ಟು ಮೇಷ್ಟ್ರು ಕಾಲೇಜಿಗೆ ಹೋದರು. ಸಂಜೆ ಬಂದು ನೋಡಿದರೆ ಹಲಗೆಯ ಮೇಲೆ, ಪ್ಲಾಸ್ಟಿಕ್ ಚೀಲದೊಳಗೆ, ಚಿನ್ನದ ಅಕ್ಷರದ ರಟ್ಟು ಹೊತ್ತು ಅವರ ಡಾಕ್ಟರೇಟ್ ಮಹಾಪ್ರಬಂಧ ಕೂತಿತ್ತು! ಕಡಲಮೀನಿನ ಕೊಬ್ಬಿನ ಬಗ್ಗೆ ಬರೆದ, ಪರೀಕ್ಷಕರೂ ಪೂರ್ತಿ ಓದಿರದ ಆ ಉದ್ಗ್ರಂಥ!

"ಇದೇನೇ ಇದು?"

"ಮನೇಲಿ ಇದಕ್ಕಿಂತ ಭಾರದ್ದು ಇನ್ನೇನಿದೆ? ಎರಡನೇ ಪುಟ ಓದೋಷ್ಟ್ರಲ್ಲೇ ಗೊತ್ತಾಯ್ತು."

ಮೇಷ್ಟ್ರು ಹಾರಿ ಕೈ ಹಾಕಿದರು.

"ಎತ್ತಬೇಡ್ರೀ! ಗಾಳಿ ತಾಗುತ್ತೆ!"

ಚಾಚಿದ ಕೈ ಹಾಗೇ ನಿಂತಿತು. ಗಾಳಿ ತಾಗಬಾರದು ಎಂದು ಆ ಗ್ರಂಥದಲ್ಲೇ ಒಂದಿಡೀ ಅಧ್ಯಾಯವಿತ್ತು. ಎತ್ತಿದರೆ ಬಂಗುಡೆ ಹೋಯಿತು, ಬಂಗುಡೆ ಹೋದರೆ ಮೇಜು ಹೋಯಿತು. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಕೈ ಹಿಂದಕ್ಕೆ ತೆಗೆದುಕೊಂಡರು.

ಕೆಲವು ವಾರ ಕಳೆದ ಮೇಲೆ ಷಡ್ಡಕ ಟೆಂಪೋದಲ್ಲಿ ಫ್ರೀಜರ್ ಹೇರಿಕೊಂಡೇ ಬಂದ. ಮೂಗಿಗೆ ಕರವಸ್ತ್ರ ಹಿಡಿದು ಇಳಿದ. ಹಲಗೆ ತೆಗೆದರೆ ಬಂಗುಡೆಗಳು ಗಟ್ಟಿಯಾಗಿ, ಬೆಳ್ಳಗೆ ಮಿನುಗುತ್ತ ಮಲಗಿದ್ದವು. ನೆನೆಸಿ, ಉಪ್ಪು ಬಿಡಿಸಿ, ಹುರಿದು ಬಡಿಸಿದಳು ಹೆಂಡತಿ. ಷಡ್ಡಕ ಒಂದು ತಿಂದ, ಇನ್ನೊಂದು ತಿಂದ, ಕೊನೆಗೆ ಮುಳ್ಳು ಚೀಪುತ್ತ, "ಸೋತೆ ಭಾವ" ಎಂದು ಟೆಂಪೋದವನಿಗೆ ವಾಪಸ್ ಹೋಗಲು ಸನ್ನೆ ಮಾಡಿದ.

"ವಿದ್ಯೆ ಅನ್ನೋದು ಅಂಗಡೀಲಿ ಕಂತಿನ ಮೇಲೆ ಸಿಗಲ್ಲಪ್ಪಾ!" ಮೇಷ್ಟ್ರು ಮೀಸೆಯ ಮೇಲೆ ಕೈಯಾಡಿಸಿದರು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಸಾಕಿತ್ತು. "ಎಲ್ಲರೂ ಹೇಳಿ, ಉಪ್ಪು ದೊಡ್ಡದೋ, ಡಬ್ಬ ದೊಡ್ಡದೋ?"

"ಉಪ್ಪೇ ದೊಡ್ಡದು ಕಣ್ರೀ, ಒಪ್ಪಿದೆ" ಎಂದಳು ಹೆಂಡತಿ. "ಇಷ್ಟು ಚೆನ್ನಾಗಿ ಬಂದ್ಮೇಲೆ ವರ್ಷಕ್ಕಾಗೋ ಅಷ್ಟು ಹಾಕಿಬಿಡೋಣ. ತಂಗಿ ಮನೆಗೂ ಸೇರಿಸಿ ನಾಲ್ಕು ಡ್ರಮ್."

"ಧಾರಾಳವಾಗಿ ಹಾಕಿ!"

"ತಂಪಿರಬೇಕು, ಕತ್ತಲಿರಬೇಕು, ಅಲ್ಲಾಡಿಸೋರು ಇರಬಾರ್ದು ಅಂದಿದ್ರಿ, ಅಲ್ವಾ?"

"ಅದೇ ವಿಜ್ಞಾನ!"

"ವರ್ಷಗಟ್ಟಲೆಯಿಂದ ಏನೂ ಅಲ್ಲಾಡದೆ ಇರೋ ಜಾಗ ಈ ಮನೇಲಿ ಒಂದೇ ಇರೋದು."

ಮೇಷ್ಟ್ರು ತಿರುಗಿ ನೋಡುವಷ್ಟರಲ್ಲಿ ಷಡ್ಡಕ ಓದುವ ಕೋಣೆಯೊಳಗಿದ್ದ. "ಮೀನು ಕೊಯ್ಯೋಕೆ ಈ ಮೇಜಿನ ಎತ್ತರ ಸರಿಯಾಗಿದೆ ಭಾವ. ಹಿತ್ತಲಿಗೆ ಹಾಕ್ತೀನಿ" ಎಂದು ಎಳೆಯುತ್ತಿದ್ದ. ಕಪಾಟಿನೊಳಗಿಂದ ಹೆಂಡತಿಯ ದನಿ ಕೇಳಿತು: "ಪ್ರಬಂಧದ್ದು ಇನ್ನೂ ಮೂರು ಪ್ರತಿ ಇದೆ. ಡ್ರಮ್ಮಿಗೊಂದೊಂದು, ಲೆಕ್ಕ ಸರಿಹೋಯ್ತು!"

ಫ್ರೀಜರ್ ಕೇಳಿದ್ದು ಒಂದು ಮೇಜಿನ ಜಾಗ. ಅದರ ಪಕ್ಕದಲ್ಲೊಂದು ಕುರ್ಚಿಯಾದರೂ ಉಳಿಯುತ್ತಿತ್ತು. ಹೊರಗೆ ಟೆಂಪೋ ಆಗಷ್ಟೇ ತಿರುಗಿಸಿಕೊಂಡು ಹೊರಟಿತ್ತು. ಮೇಷ್ಟ್ರು ಬರಿಗಾಲಿನಲ್ಲಿ ಬೀದಿಗೆ ಓಡಿ, ಎರಡೂ ಕೈ ಎತ್ತಿ ಬೀಸುತ್ತ ಕೂಗಿದರು: "ಏಯ್ ಟೆಂಪೋ! ನಿಲ್ಸಪ್ಪಾ! ಆ ಫ್ರೀಜರ್ ವಾಪಸ್ ತಗೊಂಬಾ!"

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಪಾಪ, ಎಷ್ಟು ಒಳ್ಳೆಯ ಮನುಷ್ಯ, ಬೀಳ್ಕೊಡಲು ಬೀದಿಯವರೆಗೂ ಬಂದಿದ್ದಾರೆ ಎಂದುಕೊಂಡು, ತಾನೂ ಕೈ ಹೊರಗೆ ಹಾಕಿ ಬೀಸುತ್ತ ತಿರುವು ದಾಟಿ ಹೋದ.