ಬೆಸುಗೆ, ಚಕ್ಕುಲಿ ಮತ್ತು ಮಾರ್ಕ್ಸು

ಪರೀಕ್ಷೆ ಬರೆಯುವವರ ಪೇಚಾಟ ವರ್ಷಕ್ಕೆ ಒಂದೆರಡು ಸಲ. ಪರೀಕ್ಷೆ ಮಾಡುವವರದು ದಿನಾ ಇದ್ದದ್ದೇ. ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ನನಗಂತೂ ಈ ಸಲ ಅದು ಕೈತುಂಬ ಸಿಕ್ಕಿತು.

ನಮ್ಮಲ್ಲೊಂದು ಕೋರ್ಸಿದೆ. ವಿದ್ಯಾರ್ಥಿಗಳು ತಾವೇ ಒಂದು ಉಪಕರಣ ಯೋಚಿಸಿ, ವಿನ್ಯಾಸ ಮಾಡಿ, ಬೆಸುಗೆ ಹಾಕಿ, ತಂದು ತೋರಿಸಬೇಕು. ಅದನ್ನು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದ ಮೇಡಂ ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಸ್ವೀಡನ್ನಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ನನ್ನ ನಾಲಿಗೆ ಮಾತ್ರ ಇನ್ನೂ ಒಪ್ಪಿಲ್ಲ, ಹಾಗಾಗಿ ಮೇಡಂ.

"ಈ ಸಲ ಮಾರ್ಕ್ಸ್ ನೀವು ಹಾಕಿ. ನಾನು ಹಿಂದಿನ ಬೆಂಚಲ್ಲಿ ಕೂತಿರ್ತೀನಿ. ಕೋರ್ಸ್ ನಿಮಗೆ ಕೊಡೋದಾ ಬೇಡವಾ, ಕೊನೇಲಿ ಹೇಳ್ತೀನಿ" ಎಂದರು.

ಕೋರ್ಸ್ ಸಿಕ್ಕರೆ ನನ್ನ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಬೇಸಿಗೆಯ ಹೊತ್ತಿಗೆ ಕೆಲಸವೂ ಇಲ್ಲ, ವರ್ಕ್ ಪರ್ಮಿಟ್ಟೂ ಇಲ್ಲ. ಆದರೂ ನನಗೆ ಭಯವೇನೂ ಇರಲಿಲ್ಲ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದವನು, ಎಂಥೆಂಥ ಲ್ಯಾಬ್ ಎಕ್ಸಾಮ್ ನೋಡಿಲ್ಲ!

ಔಟ್‌ಪುಟ್ ಬಂತಾ?

ಮೊದಲ ಜೋಡಿ ವಿದ್ಯಾರ್ಥಿಗಳು ಸೈಕಲ್ ದೀಪ ತಂದರು. ಕತ್ತಲಾದರೆ ತಾನೇ ಹತ್ತಬೇಕು. ನಾನು ಕೈ ಅಡ್ಡ ಹಿಡಿದೆ, ಹತ್ತಿತು. ತೆಗೆದೆ, ಆರಿತು. ನಮ್ಮ ಕಾಲೇಜಿನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು: ಔಟ್‌ಪುಟ್ ಬಂತಾ? ಬಂತು. ಸೈನ್ ಹಾಕು, ಮುಂದಿನವರನ್ನು ಕರೆ. ನಾನು ಪೆನ್ನು ತೆಗೆದದ್ದೇ ತಡ, ಮೇಡಂ ಹಿಂದಿನಿಂದ ಮೆಲ್ಲಗೆ ಕೇಳಿದರು: "ಈ ರೆಸಿಸ್ಟರೇ ಯಾಕೆ ಹಾಕಿದಿರಿ?"

ಜೋಡಿಯಲ್ಲೊಬ್ಬ ಹುಡುಗ ಒಂದಿಷ್ಟೂ ಅಂಜದೆ ಹೇಳಿದ: "ಡ್ರಾಯರಿನಲ್ಲಿ ಅದೇ ಮೇಲಿತ್ತು."

ಅರ್ಧ ಮಾರ್ಕ್ಸ್ ಅಲ್ಲಿಗೇ ಹೋಯಿತು. ಇಲ್ಲಿ ಉಪಕರಣ ಓಡುವುದಕ್ಕೆ ಸಿಗುವುದು ಒಂದು ಪಾಲು ಮಾತ್ರ. ಯಾಕೆ ಹೀಗೆ ಮಾಡಿದೆ, ಹೇಗೆ ಪರೀಕ್ಷಿಸಿದೆ, ಎಲ್ಲಿ ಎಡವಿದೆ ಅನ್ನುವುದಕ್ಕೇ ಹೆಚ್ಚು ಬೆಲೆ. ಮುಂದಿನ ಜೋಡಿಯ ಚಾರ್ಜರ್ ನಮ್ಮೆದುರೇ ಹೊಗೆ ಬಿಟ್ಟಿತು. ಆದರೆ ಯಾವ ತಪ್ಪಿಗೆ ಹೊಗೆ ಬಂತು ಎಂದು ಅವರು ಎಳೆ ಎಳೆಯಾಗಿ ವಿವರಿಸಿದರು. ಅವರಿಗೆ ಒಳ್ಳೆಯ ಗ್ರೇಡೇ ಸಿಕ್ಕಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಕ್ಲಾಸ್‌ಮೇಟು, ನನ್ನ ಲ್ಯಾಬ್ ಪಾರ್ಟ್ನರೂ ಹೌದು.

"ಅಯ್ಯೋ, ನಮ್ಮಲ್ಲೂ ಇದೇ ರೂಲ್ ಇದ್ದಿದ್ರೆ ನಿಮಗೆ ಗೋಲ್ಡ್ ಮೆಡಲ್ ಬರ್ತಿತ್ತಲ್ರೀ! ನಿಮ್ಮದು ಯಾವುದು ಹೊಗೆ ಬಿಟ್ಟಿರಲಿಲ್ಲ ಹೇಳಿ" ಅಂದಳು.

ಪರವಾಗಿಲ್ಲ

ಗ್ರೇಡ್ ಹಾಕುವ ಮೊದಲು ವಿದ್ಯಾರ್ಥಿಯೇ ತನ್ನ ಕೆಲಸ ಹೇಗಿದೆ ಎಂದು ಹೇಳಬೇಕು, ಅದೂ ಮೌಲ್ಯಮಾಪನದ ಒಂದು ಭಾಗ. ಒಬ್ಬ ಸ್ವೀಡಿಷ್ ಹುಡುಗ ಹೃದಯಬಡಿತ ಅಳೆಯುವ ಯಂತ್ರ ಮಾಡಿದ್ದ. ಬೆಸುಗೆ ಒಂದೊಂದೂ ಮುತ್ತು ಪೋಣಿಸಿದ ಹಾಗಿತ್ತು. "ಹೇಗಾಗಿದೆ ಅನ್ಸುತ್ತೆ?" ಎಂದೆ. ಅವನು ನೆಲ ನೋಡಿಕೊಂಡು, "ಪರವಾಗಿಲ್ಲ ಅನ್ಸುತ್ತೆ" ಎಂದ. ಪಾಪ, ಏನೋ ದೋಷ ಮುಚ್ಚಿಡುತ್ತಿದ್ದಾನೆ ಎಂದು ನಾನು ಭೂತಗನ್ನಡಿ ಹಿಡಿದು ಹುಡುಕಿದ್ದೇ ಹುಡುಕಿದ್ದು.

ಅವನ ನಂತರ ನಮ್ಮ ಹುಬ್ಬಳ್ಳಿಯ ಹುಡುಗ ಬಂದ, ಇಲ್ಲಿ ಮಾಸ್ಟರ್ಸ್ ಓದುತ್ತಿರುವವನು. ಮುಚ್ಚಳಕ್ಕೆ ಟೇಪ್ ಅಂಟಿಸಿದ ಡಬ್ಬಿಯೊಂದನ್ನು ಮುಂದಿಟ್ಟು, ಅಟೆನ್ಷನ್‌ನಲ್ಲಿ ನಿಂತು, "ಎಕ್ಸಲೆಂಟ್ ಸರ್!" ಎಂದ.

ಮೇಡಂ ನನಗೆ ಆಮೇಲೆ ತಿಳಿಹೇಳಿದರು. ಇಲ್ಲಿ ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವುದು ಸಭ್ಯತೆಯಲ್ಲ. ಪರವಾಗಿಲ್ಲ ಎಂದರೆ ಅದೇ ದೊಡ್ಡ ಮಾತು. ನಾನು ಧೈರ್ಯ ಮಾಡಿ, "ನನ್ನ ಮೌಲ್ಯಮಾಪನ ಹೇಗಿದೆ ಮೇಡಂ?" ಎಂದೆ. "ಪರವಾಗಿಲ್ಲ" ಎಂದರು. ನೆಲಕ್ಕೆ ಕಾಲು ತಾಗದೆ ಮನೆಗೆ ಬಂದು ಕೇಸರಿಬಾತ್ ಮಾಡಲು ಹೇಳಿದೆ.

ಹೆಂಡತಿ ರವೆ ಹುರಿಯುತ್ತಾ ಕೇಳಿದಳು: "ಒಂದ್ವೇಳೆ ನಿಜವಾಗ್ಲೂ ಬರೀ ಪರವಾಗಿಲ್ಲ ಅನ್ನೋ ಹಾಗೇ ಇದ್ರೆ, ಅವರು ಏನಂತಾರೆ?"

ಚಕ್ಕುಲಿ

ಟೇಪಿನ ಡಬ್ಬಿಯನ್ನು ಸರಿಮಾಡಿಕೊಂಡು ಬಾ ಎಂದು ಹುಬ್ಬಳ್ಳಿಯವನನ್ನು ಕಳಿಸಿದ್ದೆ. ಅವನು ಡಬ್ಬಿಯ ಜೊತೆ ಇನ್ನೊಂದು ಡಬ್ಬಿಯನ್ನೂ ತಂದ. ಅದರಲ್ಲಿ ಚಕ್ಕುಲಿ, ಪಕ್ಕದಲ್ಲೊಂದು ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ. ಊರಲ್ಲಿ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದರೆ ಗೋಡಂಬಿ, ಬಿಸ್ಕತ್ತು ಇಟ್ಟು ಉಪಚರಿಸುವ ಪದ್ಧತಿ ಅವನ ರಕ್ತದಲ್ಲೇ ಇತ್ತು.

ಮೇಡಂ ಅದನ್ನು ಫೀಕಾ ಎಂದುಕೊಂಡರು. ಫೀಕಾ ಎಂದರೆ ಎಲ್ಲರೂ ಸೇರಿ ಕಾಫಿ ಕುಡಿಯುವುದು, ಅದು ಈ ದೇಶದಲ್ಲಿ ಕೆಲಸದಷ್ಟೇ ಪವಿತ್ರ. ಒಂದು ಚಕ್ಕುಲಿ ತಿಂದರು, ಕಣ್ಣರಳಿಸಿದರು, ಇನ್ನೊಂದು ತಿಂದರು, ಅಮ್ಮನ ರೆಸಿಪಿ ಕೇಳಿದರು. ಹುಡುಗನ ಮುಖ ಮೊರದಗಲವಾಯಿತು. ಅವರು ಕೈ ಒರೆಸಿಕೊಂಡು, ಡಬ್ಬಿಯೊಳಗಿನ ಸರ್ಕಿಟ್ ಬೋರ್ಡನ್ನು ತಿರುಗಿಸಿ ನೋಡಿ, "ಬೆಸುಗೆ ಸರಿಯಿಲ್ಲ. ಹೊಸ ಪ್ರಾಜೆಕ್ಟ್ ಮಾಡಿ ತನ್ನಿ. ಇದೇ ಕೊನೆಯ ಅವಕಾಶ" ಎಂದು ಹೇಳಿ ಕಾಫಿ ಮುಗಿಸಿ ಹೊರಟರು.

ಅಲ್ಲಿಯವರೆಗೆ ನನ್ನ ಜೊತೆ ನೀಟಾಗಿ ಬೆಂಗಳೂರು ಕನ್ನಡ ಆಡುತ್ತಿದ್ದ ಹುಡುಗ ದುಃಖದಲ್ಲಿ ನೇರ ಹುಬ್ಬಳ್ಳಿಗೆ ಹೋಗಿಬಿಟ್ಟ: "ಉಪ್ಪುಂಡ ಮನಿಗೆ ಎರಡು ಬಗೀಬಾರದು ಅಂತ ಈ ದೇಶದಾಗ ಯಾರೂ ಹೇಳಿಲ್ಲೇನ್ರಿ ಸರ?"

ಮಾತಿನ ಪೆಟ್ಟಿಗೆ

ಕೊನೆಯ ದಿನ. ಹುಬ್ಬಳ್ಳಿಯವನ ಪಾಸು, ನನ್ನ ಕೋರ್ಸು ಎರಡೂ ಅಂದೇ ನಿರ್ಧಾರವಾಗಬೇಕು. ಅವನು ಈ ಸಲ ಪುಟ್ಟ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟ. ಮೀಟಿಂಗಿನಲ್ಲಿ ಒಬ್ಬರೇ ಮಾತಾಡುತ್ತಾ ಹೋದರೆ ಮೊದಲು ಹಳದಿ ದೀಪ, ಆಮೇಲೆ ಕೆಂಪು, ಕೊನೆಗೆ ಬಜ್ಜರ್. ಮಾತು ನಿಂತರೆ ಅದೂ ನಿಲ್ಲುತ್ತದೆ.

ಬೆಸುಗೆ ನೋಡಿದೆ, ಚೆನ್ನಾಗಿತ್ತು. ಆನ್ ಮಾಡಿಸಿ, ಇದನ್ನು ಹೇಗೆ ಮೌಲ್ಯಮಾಪನ ಮಾಡುತ್ತೇನೆಂದು ವಿವರಿಸತೊಡಗಿದೆ. ಹಳದಿ ಬಂತು. ಕೆಂಪು ಬಂತು. ಬಜ್ಜರ್ ಕಿರುಚತೊಡಗಿತು.

"ನೋಡಿದ್ಯಾ, ಇದೇ ನಾಯ್ಸ್ ಪ್ರಾಬ್ಲಂ" ಎಂದೆ. ನಾಯ್ಸ್ ಎಲ್ಲೆಲ್ಲಿಂದ ಬರುತ್ತದೆ ಎಂದು ಹೇಳಿದೆ. ಫ್ಯಾನಿನದಿರಬೇಕೆಂದು ಆರಿಸಿದೆ. ಬಜ್ಜರ್ ನಿಲ್ಲಲಿಲ್ಲ. ಹಾಗಾದರೆ ಬಜ್ಜರಿನ ಸದ್ದೇ ಮೈಕಿಗೆ ಹೋಗುತ್ತಿದೆ ಎಂದು ಗೋಡೆಯ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಸಾಬೀತು ಮಾಡಿದೆ. "ಸರ್..." ಎಂದ ಹುಡುಗ. "ತಾಳಪ್ಪ, ಮುಗಿಸ್ತೀನಿ" ಎಂದೆ. ಹಿಂದಿನ ಬೆಂಚಿನಲ್ಲಿ ಮೇಡಂ ತಲೆ ತಗ್ಗಿಸಿದ್ದರು, ಭುಜ ಮಾತ್ರ ಕುಲುಕುತ್ತಿತ್ತು. ಪಾಪ, ಶಿಷ್ಯನಿಗಾಗಿ ಅಳುತ್ತಿದ್ದಾರೆ ಎಂದುಕೊಂಡೆ.

ಕೊನೆಗೆ ಸ್ಕ್ರೂಡ್ರೈವರ್ ಹಿಡಿದು ಬಗ್ಗಿ ಒಳಗೆ ಇಣುಕಿದೆ. ಬಜ್ಜರ್ ನಿಂತಿತು. "ನೋಡು, ಮುಟ್ಟಿದ ತಕ್ಷಣ ನಿಲ್ತು! ಲೂಸ್ ಕಾಂಟ್ಯಾಕ್ಟು, ನನಗೆ ಮೊದಲೇ ಗೊತ್ತಿತ್ತು, ಯಾಕಂದ್ರೆ..." ಎಂದು ಶುರುಮಾಡಿದೆ. ಹಳದಿ ಬಂತು. ಕೆಂಪು ಬಂತು.

ಹುಡುಗ ಬೆವರು ಒರೆಸಿಕೊಂಡ. "ಸರ್, ತಪ್ಪು ತಿಳೀಬೇಡಿ. ಅದು ಸರಿಯಾಗೇ ಕೆಲಸ ಮಾಡ್ತಿದೆ."

ನಾನು ಬಾಯಿ ಮುಚ್ಚಿದೆ. ದೀಪ ಆರಿತು. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಸಾಕ್ಷಿ ಕಣ್ಣೆದುರೇ ಇರುವಾಗ ವಾದ ಮಾಡುವ ಜಾಯಮಾನ ನನ್ನದಲ್ಲ. ತುಟಿ ಬಿಚ್ಚದೆ ಪೂರ್ತಿ ಮಾರ್ಕ್ಸ್ ಹಾಕಿ ಹಾಳೆಯನ್ನು ಮೇಡಂ ಮುಂದಿಟ್ಟೆ.

ಅವರು ಕಣ್ಣೊರೆಸಿಕೊಂಡು ಸಹಿ ಮಾಡಿದರು. "ವಿದ್ಯಾರ್ಥಿ ತನ್ನ ತಪ್ಪು ತೋರಿಸಿದಾಗ ಅವನಿಗೇ ಮಾರ್ಕ್ಸ್ ಕೊಡೋ ಮೇಷ್ಟ್ರನ್ನೇ ನಾನು ಹುಡುಕ್ತಿದ್ದೆ. ಕೋರ್ಸ್ ನಿಮ್ಮದು" ಎಂದರು.

ಕೆಲಸ ಉಳಿಯಿತು! ಎದ್ದು ನಿಂತು, ಕೈ ಜೋಡಿಸಿ, "ಮೇಡಂ, ಈ ಸಂದರ್ಭದಲ್ಲಿ ನಾನು..." ಎಂದೆ.

ಮೇಡಂ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು. "ಧಾರಾಳವಾಗಿ ಹೇಳಿ. ಮೊದಲು ಇದು ಆನ್ ಇದೆಯಾ ನೋಡಿಕೊಳ್ಳಿ."