ಅಪ್ಪನ ತೋಟೆಗೆ ನಾನು ಕೊಟ್ಟ ಕಾವು

ಹಿತ್ತಾಳೆಯನ್ನು ಕಾಯಿಸಿ ಮೆತ್ತಗೆ ಮಾಡುವ ವಿದ್ಯೆ ನನಗೆ ಬರುತ್ತದೆಂದು ನಲವತ್ತು ವರ್ಷ ನಂಬಿದ್ದೆ. ಪರೀಕ್ಷಿಸುವ ಸಂದರ್ಭ ಬಂದಿರಲಿಲ್ಲ. ನಂಬಿಕೆ ಅಷ್ಟು ದಿನ ಬದುಕಿದ್ದೇ ಅದರಿಂದ!

ಸಂದರ್ಭ ಬಂದದ್ದು ಲಾಕ್‌ಡೌನಿನಲ್ಲಿ. ಕೊಡಗಿನಲ್ಲಿ ಅಪ್ಪ ತೀರಿಕೊಂಡರು. ನಾನು ಮಲೇಶಿಯಾದ ಮೆಲಾಕಾದಲ್ಲಿ, ವಿಮಾನಗಳಿಲ್ಲ. ಕೊಡಗಿನ ನಮ್ಮವರಲ್ಲಿ ಸಾವಾದರೆ ಕೋವಿಯಿಂದ ಗಾಳಿಗೆ ಎರಡು ಈಡು ಹೊಡೆಯುತ್ತಾರೆ. ಅಣ್ಣ ಹೊಡೆಯುವುದು, ನಾನು ಮೆಲಾಕಾದ ಮಧ್ಯಾಹ್ನ ಒಂದೂವರೆಗೆ ವಿಡಿಯೊದಲ್ಲಿ ನೋಡುವುದು ಎಂದಾಯಿತು.

ಬರೀ ನೋಡುವುದೇ? ನನ್ನಲ್ಲಿ ಅಪ್ಪನ ಕೋವಿಯ ಖಾಲಿ ತೋಟೆಯೊಂದಿತ್ತು. ಮದ್ದಿಲ್ಲ, ಚರೆಯಿಲ್ಲ, ಹಿತ್ತಾಳೆಯ ಕವಚ ಮಾತ್ರ. ದೇವರ ಮುಂದೆ ಊದುಬತ್ತಿ ಹಿಡಿದು ನಿಂತಿತ್ತು. ಚಿಕ್ಕಂದಿನಲ್ಲಿ ಅದರ ಬಾಯಿಗೆ ತುಟಿಯಿಟ್ಟು ಊದಿದರೆ ಸಿಳ್ಳೆ ಬರುತ್ತಿತ್ತು, ಕಾಡಂಚಿನಿಂದ ಅಪ್ಪ ತಿರುಗಿ ಸಿಳ್ಳೆ ಹಾಕುತ್ತಿದ್ದರು. ಅದನ್ನೇ ಊದುವುದೆಂದು ಸರ್ವಾನುಮತದಿಂದ ನಿರ್ಣಯಿಸಿದೆ.

ಆದರೆ ಯಾವುದೋ ಸೂಟ್‌ಕೇಸಿನಲ್ಲಿ ತೋಟೆಯ ಬಾಯಿ ಅಮುಕಿ ಹೋಗಿತ್ತು. ಚಿಂತೆಯಿಲ್ಲ! ಅಪ್ಪ ತೋಟೆಗಳಿಗೆ ಮತ್ತೆ ಮದ್ದು ತುಂಬುವ ಮೊದಲು ಕಾಯಿಸುತ್ತಿದ್ದರು. ಬೆಂಕಿ, ಆಮೇಲೆ ನೀರು, ಚುಂಯ್. ಅವರ ಪಕ್ಕದಲ್ಲೇ ನಿಂತು ನೋಡಿದ ನೆನಪು. ಅಷ್ಟು ಅಚ್ಚುಕಟ್ಟಾದ ನೆನಪನ್ನು ಆಗಲೇ ಅನುಮಾನಿಸಬೇಕಿತ್ತು.

ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಮೇಲೆ ಒಡ್ಡಿದೆ. ಉಡುಪಿಯವಳಾದ ಹೆಂಡತಿ ಬಂದಳು.

"ಎಂತ ಮಾರಾಯ್ರೆ, ಒಲೆ ಮೇಲೆ ಗುಂಡು! ಯಾರಾದ್ರೂ ಪೊಲೀಸರಿಗೆ ಹೇಳಿದ್ರೆ?"

"ಗುಂಡಲ್ಲ, ಬರೀ ಕವಚ."

"ಅದನ್ನು ಲಾಕಪ್ಪಿನಲ್ಲಿ ವಿವರಿಸಿ. ಬೇಗ ಒಲೆ ಬಿಡಿ, ಮಗಳಿಗೆ ಅನ್ನಕ್ಕಿಡಬೇಕು."

ತೋಟೆ ಅಡಿಯಿಂದ ಮುಡಿವರೆಗೆ ಕೆಂಪಾಯಿತು. ನೀರಿಗೆ ಅದ್ದಿದೆ. ಚುಂಯ್! ಕಣ್ಣು ತುಂಬಿತು, ಹೊಗೆಯಿಂದಲೂ ಇರಬಹುದು. ಇಕ್ಕಳದಿಂದ ಬಾಯಿ ಅಗಲಿಸಲು ಹೋದೆ. ತೋಟೆ ಪೂರ್ತಿ ಚಪ್ಪಟೆಯಾಯಿತು, ಯಾವ ಪ್ರತಿಭಟನೆಯೂ ಇಲ್ಲದೆ!

ಅಣ್ಣನಿಗೆ ಫೋನ್ ಮಾಡಿ, ಊದುವ ಯೋಜನೆಯನ್ನೂ ತೋಟೆಯ ಗತಿಯನ್ನೂ ಹೇಳಿದೆ.

"ಬುಡವನ್ನೂ ಕಾಯಿಸಿದ್ಯಾ? ತಟ್ಟೆ ನೀರಲ್ಲಿ ನಿಲ್ಲಿಸಿ ಬಾಯಿಗೆ ಮಾತ್ರ ಬೆಂಕಿ ತೋರಿಸಬೇಕು ಕಣೋ. ಬಾಯಿ ಮೆತ್ತಗಾಗಬೇಕು, ಬುಡ ಗಟ್ಟಿ ಉಳೀಬೇಕು. ಆಮೇಲೆ ಅದೇ ನೀರಿಗೆ ಬೀಳಿಸೋದು."

"ಅಪ್ಪನ ಪಕ್ಕದಲ್ಲೇ ನಿಂತು ನೋಡಿದ್ದೇನೆ!"

"ಪಕ್ಕದಲ್ಲಾ? ಎಲ್ಲಾ ಬೀಳಿಸ್ತೀಯ ಅಂತ ನಿನ್ನನ್ನ ಹೊರಗೆ ಹಾಕ್ತಿದ್ರು. ಕಿಟಕಿಯಿಂದ ಇಣುಕ್ತಿದ್ದೆ ನೀನು."

ಹಾಗಾದರೆ ಮೇಜಿನ ಮೇಲಿನ ನೀರಿನ ತಟ್ಟೆ ಕಿಟಕಿಯ ಕಟ್ಟೆಗೆ ಮರೆಯಾಗಿತ್ತು. ಅಣ್ಣನ ನೆನಪೂ ನಿಜವೆಂದು ಹೇಳಲಾರೆ. ಆದರೆ ತೋಟೆ ಅವನ ಕಡೆಗೇ ಸಾಕ್ಷಿ ಹೇಳುತ್ತಿತ್ತು.

ಒಂದೂವರೆ. ಅಂಗೈಯಗಲದ ಪರದೆಯಲ್ಲಿ ಅಪ್ಪನ ಪಾದ, ಅಣ್ಣನ ಕೋವಿ. ಮತ್ತೆ ಕಿಟಕಿಯೇ! ಒಂದು ಈಡು. ಇನ್ನೊಂದು. ಹಕ್ಕಿಗಳೆದ್ದವು.

"ಈಗ ನೀನು ಊದು," ಎಂದ ಅಣ್ಣ.

ಚಪ್ಪಟೆ ಹಿತ್ತಾಳೆಯನ್ನು ತುಟಿಗಿಟ್ಟು ಉಸಿರಿದ್ದಷ್ಟೂ ಊದಿದೆ. ಪುಸ್!

ಅಷ್ಟರಲ್ಲಿ ಹಿಂದಿನಿಂದ ಕುಕ್ಕರ್ ಕೂಗಿತು. ಉದ್ದವಾಗಿ, ಅಡುಗೆಮನೆ ನಡುಗುವ ಹಾಗೆ. ಹೆಂಡತಿ ಒಲೆ ಆರಿಸಲು ಓಡಿದಳು.

ಅಣ್ಣ ಮುಖ ಒರೆಸಿಕೊಳ್ಳುತ್ತಿದ್ದ. "ಕೇಳಿಸ್ತು ಕಣೋ. ಸರಿ ಮಾಡಿಬಿಟ್ಟೆ ನೋಡು. ಅಪ್ಪನಿಗೂ ಕೇಳಿಸಿರುತ್ತೆ."

"ಹೂಂ," ಎಂದೆ.

ಹೆಂಡತಿ ನನ್ನನ್ನೂ ಕುಕ್ಕರನ್ನೂ ನೋಡಿದಳು. ಅನ್ನ ಅರ್ಧ ಬೆಂದಿತ್ತು. ಅಪ್ಪನಿಗೆ ಕೊನೆಯ ಸಿಳ್ಳೆ ಹಾಕಿದ ಮಗನೆಂದು ಊರಲ್ಲಿ ಈಗ ನನಗೆ ಒಳ್ಳೆಯ ಹೆಸರಿದೆ!