ಕುಣಿಕಿ ನೋಡಿ ಗುಣ ಹೇಳಿದ್ದು

ಬಾಗಲಾ ಮುಂದ ಮಾಡಿ ಹಂತ್ಯಾಕ ಬರ್ರಿ. ಇದು ಹೊರಗ ಬೀಳಬಾರದು. ನಾನರ ನಾಕ ಮನಿ ಬಿಟ್ರ ಎಲ್ಲೂ ಹೇಳಿಲ್ಲ. ಬಾಯಿ ಇದ್ದಾಕಿಗೆ ಇಂಥಾವು ಬೆನ್ನ ಬಿಡೂದಿಲ್ಲ ನೋಡ್ರಿ.

೧

ಮುಂಬೈ ಸರಕಾರ ಹೋಗಿ ಮೈಸೂರ ಸರಕಾರ ಬಂದ ವರ್ಷ. ಎರಡನೇತ್ತಕ್ಕ ಸಾಲಿ ಬಿಟ್ಟಾಕಿ ನಾನು, ರೋಣದಾಗ ಹಗ್ಗದ ಪಂಡಿತಳಾಗಿದ್ದೆ. ಕುಣಿಕ್ಯಾಗ ಎರಡ ಜಾತಿ ಅಂತಿದ್ದೆ: ಜಗ್ಗಿದ್ರ ಬಿಗಿಯೂದು ಕೊಡದ ಕೊಳ್ಳಿಗೆ, ಜಗ್ಗಿದ್ರೂ ಬಿಗೀಲಾರದ್ದು ದನದ ಕೊಳ್ಳಿಗೆ. ಬಾಜೂಮನಿ ಹೊಸಾ ಸೊಸಿಗೆ ಬಾವಿಕಟ್ಟಿ ಮ್ಯಾಲೆ ಇದನ್ನ ಹೇಳಿಕೋಂತ, ನನ್ನ ಕೊಡಕ್ಕ ದನದ ಕುಣಿಕಿ ಹಾಕಿ ಇಳಿಬಿಟ್ಟೆ. ಮ್ಯಾಲೆ ಬರೇ ಹಗ್ಗ ಬಂತು.

"ಅಕ್ಕಾರ, ಇದು ಯಾವ ಜಾತಿರಿ?" ಅಂದ್ಲು.

೨

ಗಜೇಂದ್ರಗಡದ ಸಂತ್ಯಾಗ ಸೂಡಿ ಊರಾಂವ ಒಬ್ಬ ಕರಾ ಕಟ್ಟಿದ್ದ. "ಕುಣಿಕಿ ತಪ್ಪೈತಿ, ಸರಿ ಆಕಡೆ" ಅಂತ ನಾನ ಬಿಚ್ಚಿ ಕಟ್ಟಿದೆ. ಕರಾ ಒಂದ ಸಲ ಜಗ್ಗಿತು, ನಾಲಿಗಿ ಹೊರಗ ಬಂತು. ಅಂವ ಓಡಿಬಂದು ಸಡ್ಲ ಮಾಡಿ, "ಎವ್ವಾ, ನಾ ಕರಾ ಮಾರಾಕ ಬಂದೇನಿ, ಗಲ್ಲಿಗೇರಸಾಕಲ್ಲ!" ಅಂದ.

೩

ಮೂರನೇದು ಭಾಳ ದೊಡ್ಡ ರಗಳಿ. ಅದ ಬಾಜೂಮನಿ ಸೊಸಿ ಗಂಡ ಹತ್ತಿ ಹೇರಿದ ಗಾಡಿ ಹೊಡಕೊಂಡು ನರಗುಂದಕ್ಕ ಹೋಗಿ ವಾರಾಗಿತ್ತು. ಆಕಿ ಅತ್ತಿ ಸಂಜಿಮುಂದ ಮಠಕ್ಕ ಹೋಗತಿದ್ಲು. ಆಗ ಅವರ ಎಮ್ಮಿ ಕೊಳ್ಳಾಗ ದಿನಾ ಹೊಸಾ ಕುಣಿಕಿ! ಬಿಗಿ ನೋಡಿದ್ರ ಗಂಡಸರ ಕೈದು. ಆಕಿ ಗಂಡ ಹಗ್ಗದ ತುದಿ ಒಳಗ ಸಿಗಸ್ತಾನ, ಇದರ ತುದಿ ಹೊರಗ. "ಯಾವನೋ ಬಂದು ಹೋಗ್ತಾನ, ಕುಣಿಕಿ ಸುಳ್ಳ ಹೇಳೂದಿಲ್ಲ" ಅಂತ ಬಾವಿಕಟ್ಟಿ ಮ್ಯಾಲೆ ತೀರ್ಪ ಕೊಟ್ಟೆ. ಅತ್ತಿ ಕಿವಿಗೆ ಬಿತ್ತು. ಮರುದಿನಾನ ಸೊಸಿ ಸೀರಿ-ಅರಬಿ ಗಂಟ ಕಟ್ಟಿಸಿ, "ನಡಿ ಮೆಣಸಗಿಗೆ, ನಿನ್ನ ತವರಿಗೆ" ಅಂದ್ಲು.

ಸೊಸಿ ಗಂಟ ಹೊತಗೊಂಡು ನೆಟ್ಟಗ ನಮ್ಮ ಪಡಸಾಲಿಗೆ ಬಂದ್ಲು. ಹಿಂದ ಅತ್ತಿ, ಅತ್ತಿ ಹಿಂದ ಅರ್ಧ ಓಣಿ. ಮೂಲ್ಯಾಗ ನಮ್ಮ ಯಜಮಾನ್ರು ಕುಂತಿದ್ರು. ಸೊಸಿ ಒಂದು ಹಗ್ಗ ಅವರ ಮುಂದ ಒಗದು, "ಮಾವಾರ, ಈ ಗಂಟಿಗೊಂದು ಕುಣಿಕಿ ಹಾಕ್ರಿ" ಅಂದ್ಲು. ಮಿಠಾಯಿ ಸಿಕ್ಕ ಕೂಸಿನಂಗ ಖುಷಿಯಿಂದ ಹಾಕಿದ್ರು. ಅದ ಬಿಗಿ! ತುದಿ ಹೊರಗ!

ಅವರ ಖುಷಿ ನೋಡಿ ಅತ್ತಿ ಸಂಶಯ ಹೋತು, ನಗಿ ತಡೀಲಿಲ್ಲ; ಸೊಸಿ ಗಂಟನ್ನ ತಾನ ಎತಗೊಂಡು ಮನಿ ಕಡೆ ನಡದ್ಲು. ಸೊಸಿ ಹೋಗೂಮುಂದ ನನ್ನ ಮಾರಿಮ್ಯಾಲೆ ಅಂದ್ಲು:

"ಅಕ್ಕಾರ, ನೀವು ಅಂದಿದ್ದು ಖರೇ, ಗಂಡಸು ಬರೂದೈತಿ. ಈ ಮಾವಾರ ದಿನಾ ಬರ್ತಾರ. 'ತಂಗಿ, ಮನ್ಯಾಗ ನಮ್ಮಾಕಿ ಹಗ್ಗಾ ಮುಟ್ಟಗೊಡೂದಿಲ್ಲವ್ವಾ, ನಿಮ್ಮ ಎಮ್ಮಿಗರ ಒಂದ ಕುಣಿಕಿ ಹಾಕಿ ಹೋಗ್ತೇನಿ' ಅಂತ ಕೈ ಮುಗದು ಬೇಡಕೋತಾರ!"